ಕೈಯೆತ್ತುವ ಮಗುವಿನ ವಿಷಯವಾಗಿ

ಮಗನು ಸುಳ್ಳು ಹೇಳಿದರೆ ತಂದೆತಾಯಿಗಳು ಅದನ್ನು ನೆರೆಯವರ ಮುಂದೆ ಹೇಳಿಕೊಳ್ಳುವರು. ಶಾಲೆ ತಪ್ಪಿಸಿದರೆ ಮಾಸ್ತರರ ಬಳಿಗೆ ಕರಕೊಂಡು ಹೋಗುವರು. ಆದರೆ ಮಗನು ಹೆತ್ತವಳ ಮೇಲೆಯೇ ಕೈಯೆತ್ತಿದರೆ, ಅಥವಾ ತಂಗಿಯ ತಲೆಯನ್ನು ಕಲ್ಲಿನಿಂದ ಒಡೆದರೆ, ಆ ಮನೆಯವರು ಬಾಗಿಲು ಮುಚ್ಚಿಕೊಂಡು ಸುಮ್ಮನಿರುವರು. ತಾಯಿಯ ತೋಳಿನ ಮೇಲೆ ಹಲ್ಲಿನ ಗುರುತು ಕಂಡು ಯಾರಾದರೂ ಕೇಳಿದರೆ, ಅವಳು ಅದನ್ನು ಸೆರಗಿನಿಂದ ಮರೆಮಾಡಿ, ಒಲೆಯ ಬಳಿಯಲ್ಲಿ ಸುಟ್ಟಿತು ಅನ್ನುವಳು. ಇದು ನಾಚಿಕೆಯ ಸಂಗತಿಯೆಂದು ಜನರು ತಿಳಿದಿರುವದರಿಂದ ಇದರ ವಿಷಯವಾಗಿ ಮಾತಾಡುವವರು ಕಡಿಮೆ, ಬರೆಯುವವರು ಅವರಿಗಿಂತಲೂ ಕಡಿಮೆ. ಹಾಗಿದ್ದರೂ ಇಂಥ ಮನೆಗಳು ನಮ್ಮ ಹಳ್ಳಿಗಳಲ್ಲಿ ಉಂಟು. ಹೊಡೆಯುವ ಮಗುವನ್ನು ಹೊಡೆದು ತಿದ್ದುವದು ನ್ಯಾಯವೋ? ಹೊಡೆಯಬಾರದಾದರೆ, ಅದರ ಕೈಯಿಂದ ಹೊಡೆಸಿಕೊಳ್ಳುತ್ತಾ ಕೂತಿರಬೇಕೋ? ಇದನ್ನು ನಾವು ಇಲ್ಲಿ ವಿಚಾರಿಸಬೇಕೆಂದಿದ್ದೇವೆ.

ಮೊದಲು ನಮ್ಮ ತಪ್ಪನ್ನೇ ಹೇಳುವೆವು. ಕೆಲವು ವರುಷಗಳ ಹಿಂದೆ ಒಂದು ಹಳ್ಳಿಯ ಮನೆಯವರು ನಮಗೆ ಹೇಳಿಕಳುಹಿಸಿದರು. ಆ ಮನೆಯಲ್ಲಿ ೯ ವರುಷದ ಒಬ್ಬ ಹುಡುಗನಿದ್ದನು. ಅವನ ತಾಯಿಯು ತೀರಿಹೋಗಿದ್ದಳು. ತಂದೆಯು ಕುಡಿದು ಬಂದು ಹೆಂಡತಿಯನ್ನೂ ಮಗನನ್ನೂ ಬಡಿಯುತ್ತಿದ್ದವನು, ಅವಳು ಸತ್ತ ಮೇಲೆ ಎಲ್ಲಿಗೋ ಹೊರಟುಹೋದನು. ಸೋದರಮಾವನು ಹುಡುಗನನ್ನು ತಂದು ಸಾಕುತ್ತಿದ್ದನು. ಹುಡುಗನು ಉಣ್ಣುವ ತಟ್ಟೆಯನ್ನು ಎಸೆಯುವನು, ಅತ್ತೆಯನ್ನು ಒದೆಯುವನು. ಬೈಗಳಂತೂ ಬಾಯಿತುಂಬಾ ಇದ್ದವು. ನಾವು ಹೋದ ದಿನ ಮಾವನ ಚಿಕ್ಕ ಮಗಳ ತಲೆಯ ಮೇಲೆ ಊದುಗೊಳವೆಯಿಂದ ಹೊಡೆದು ರಕ್ತ ಬರಿಸಿದ್ದನು. ನಾವು ಆ ಮಗುವಿನ ತಲೆಗೆ ಕಟ್ಟಿದ್ದ ಬಟ್ಟೆಯನ್ನು ನೋಡಿ ಸಿಟ್ಟುಗೊಂಡು, “ಒಂದು ಸಾರಿ ಚೆನ್ನಾಗಿ ಬಿದ್ದರೆ ಬುದ್ಧಿ ಬಂದೀತು” ಎಂದು ಮಾವನಿಗೆ ಹೇಳಿದೆವು. ಅವನು ಹುಣಿಸೆಯ ಬರಲನ್ನು ಮುರಿದು ತಂದನು. ನಾವು ತಡೆಯಲಿಲ್ಲ. ಹುಡುಗನು ಅಳಲಿಲ್ಲ, ಗೋಡೆಯನ್ನು ನೋಡುತ್ತಾ ನಿಂತಿದ್ದನು. ಮಾರನೆಯ ಬೆಳಿಗ್ಗೆ ಅತ್ತೆಯು ಕೋಳಿಯ ಬುಟ್ಟಿಯನ್ನು ಎತ್ತಿ ನೋಡಲಾಗಿ, ಎರಡು ಮರಿಗಳು ಕುತ್ತಿಗೆ ತಿರುವಿಸಿಕೊಂಡು ಸತ್ತು ಬಿದ್ದಿದ್ದವು.

ಆ ಮರಿಗಳು ಏನು ತಪ್ಪು ಮಾಡಿದ್ದವು? ಹುಡುಗನಿಗಿಂತ ಚಿಕ್ಕವಾಗಿದ್ದವು, ಅಷ್ಟೇ. ಬಲವುಳ್ಳವನು ಬಲವಿಲ್ಲದವನನ್ನು ಹೊಡೆಯಬಹುದೆಂಬ ಪಾಠವನ್ನು ಅವನು ತಂದೆಯ ಮನೆಯಲ್ಲಿ ಆಗಲೇ ಕಲಿತಿದ್ದನು. ಬುದ್ಧಿ ಹೇಳಲಿಕ್ಕೆ ಹೋದ ನಾವು ಆ ಪಾಠಕ್ಕೆ ಒಪ್ಪ ಹಾಕಿ ಬಂದೆವು.

ಜ್ಞಾನೋಕ್ತಿಗಳಲ್ಲಿ ಬೆತ್ತದ ಮಾತು ಇದೆಯಲ್ಲಾ ಎಂದು ಕೆಲವರು ಕೇಳಾರು. ಇದೆ. ಆದರೆ ಆ ಮಾತನ್ನು ಬಾಯಿಪಾಠವಾಗಿ ಹೇಳುವವರಲ್ಲಿ ಎಷ್ಟು ಮಂದಿ, ಪೌಲನು ಎಫೆಸದವರಿಗೆ ಬರೆದ ಪತ್ರದಲ್ಲಿ ತಂದೆಗಳಿಗೇ ಕೊಟ್ಟ ಎಚ್ಚರಿಕೆಯನ್ನು ನೆನಪಿಟ್ಟಿದ್ದಾರೆ? ನಮ್ಮ ಸೀಮೆಯ ಕುರುಬನ ಕೈಯಲ್ಲಿಯೂ ಕೋಲು ಇರುವದು. ಅವನು ಅದರಿಂದ ಮರಿಯನ್ನು ಬೆಳೆಯ ಕಡೆಯಿಂದ ತಿರುಗಿಸುವನು, ತೋಳವನ್ನು ಅಟ್ಟುವನು; ಮರಿಯ ಬೆನ್ನೆಲುಬನ್ನು ಮುರಿಯುವ ಕುರುಬನನ್ನು ನಾವು ನೋಡಿದ್ದಿಲ್ಲ. ಮತ್ತೊಂದು ಮಾತು. ಮಗುವನ್ನು ಹೊಡೆಯುವವನು ಮಗುವಿನ ತಪ್ಪನ್ನು ಅಳೆದು ಹೊಡೆಯುವದಿಲ್ಲ, ತನ್ನ ಸಿಟ್ಟನ್ನು ಅಳೆದು ಹೊಡೆಯುವನು. ಸಾಲಗಾರನು ಬಂದುಹೋದ ದಿನದ ಏಟಿಗೂ ಸಂತೆಯ ದಿನದ ಏಟಿಗೂ ಇರುವ ಹೆಚ್ಚುಕಡಿಮೆಯನ್ನು ಮಕ್ಕಳು ಬಲ್ಲರು.

ಕೋಳಿಮರಿಗಳ ಸಂಗತಿಯು ನಮ್ಮನ್ನು ಬಹಳ ದಿವಸ ಬಾಧಿಸಿತು. ಆಮೇಲೆ ಈ ವಿಷಯವಾಗಿ ದುಡಿದವರ ಬರಹಗಳನ್ನು ಹುಡುಕಿ ಓದಿದೆವು. ಆಸ್ಟ್ರಿಯಾ ದೇಶದಲ್ಲಿ ಔಗುಸ್ಟ್ ಐಖ್‌ಹಾರ್ನ್ ಎಂಬ ಉಪಾಧ್ಯಾಯನು, ಮೊದಲನೆಯ ಮಹಾಯುದ್ಧವು ಮುಗಿದ ೧೯೧೮ರಲ್ಲಿ, ವಿಯೆನ್ನಾ ಪಟ್ಟಣದ ಹೊರಗಿನ ಓಬರ್‌ಹೊಲ್ಲಾಬ್ರುನ್ ಎಂಬಲ್ಲಿ ದಾರಿತಪ್ಪಿದ ಮಕ್ಕಳಿಗಾಗಿ ಒಂದು ಆಶ್ರಯವನ್ನು ನಡಿಸಿದನು. ಅಲ್ಲಿ ಯಾವ ಗುಂಪಿನವರೂ ಸೇರಿಸಿಕೊಳ್ಳದ ೧೨ ಮಂದಿ ಹುಡುಗರಿದ್ದರು, ಎಲ್ಲರೂ ಬಡಿದಾಡುವವರು. ಅವರ ಪೂರ್ವವೃತ್ತಾಂತವನ್ನು ವಿಚಾರಿಸಲಾಗಿ, ಅವರೆಲ್ಲರೂ ಪ್ರೀತಿ ಕಾಣದೆ ಕ್ರೂರವಾದ ಶಿಕ್ಷೆಯಲ್ಲಿ ಬೆಳೆದವರೆಂದು ಅವನಿಗೆ ತಿಳಿದುಬಂತು. ಹೊಡೆತದಿಂದ ವಾಸಿಯಾಗುವ ರೋಗವಾಗಿದ್ದರೆ ಇವರಿಗೆ ಎಂದೋ ವಾಸಿಯಾಗಬೇಕಿತ್ತು. ಅವನು ತನ್ನ ಸಂಗಡಿಗರಿಗೆ, ಒಬ್ಬರನ್ನೊಬ್ಬರು ಗಾಯಪಡಿಸದಂತೆ ನೋಡಿಕೊಳ್ಳಿರಿ, ಅದರ ಹೊರತು ಬಲಕ್ಕೆ ಬಲವನ್ನು ಎದುರುಹಾಕಬೇಡಿರಿ ಎಂದು ಹೇಳಿದನು. ಹುಡುಗರು ಮೊದಲು ಇನ್ನಷ್ಟು ಕೆಟ್ಟರು. ಕಿಟಕಿಗಳನ್ನೂ ಬಾಗಿಲುಗಳನ್ನೂ ಒಡೆದುಹಾಕಿದರು. ಕಡೆಗೆ ಆ ರೌದ್ರವು ಒಡೆದು ಅಳುವಾಯಿತು, ಅಲ್ಲಿಂದ ಅವರು ತಿರುಗಿಕೊಂಡರು. ಈ ಕಥೆಯನ್ನು ಅವನು ೧೯೨೫ರಲ್ಲಿ ಪುಸ್ತಕವಾಗಿ ಬರೆದನು. ಹನ್ನೆರಡು ಮಂದಿ ಕಿಟಕಿ ಒಡೆಯುವದನ್ನು ಸಹಿಸುವದಕ್ಕೆ ನಮ್ಮ ಮನೆಗಳಲ್ಲಿ ಅಷ್ಟು ಕಿಟಕಿಗಳೇ ಇಲ್ಲವೆಂಬದನ್ನು ನಾವೂ ಬಲ್ಲೆವು.

ಆದಕಾರಣ ಒಂದು ಸಾಮಾನ್ಯ ಮನೆಯಲ್ಲಿ ನಡೆದದ್ದನ್ನು ಹೇಳುವೆವು. ಡೊನಾಲ್ಡ್ ವಿನಿಕಾಟ್ ಎಂಬವನು ಲಂಡನ್ ಪಟ್ಟಣದಲ್ಲಿ ಮಕ್ಕಳ ವೈದ್ಯನಾಗಿದ್ದನು, ಮೆಥೊಡಿಸ್ಟ್ ಕುಟುಂಬದಲ್ಲಿ ಹುಟ್ಟಿದವನು. ೧೯೩೯ರ ಸೆಪ್ಟೆಂಬರ್ ತಿಂಗಳಲ್ಲಿ ಯುದ್ಧವು ಮೊದಲಾದಾಗ, ಬಾಂಬುಗಳ ಭಯದಿಂದ ಬ್ರಿಟನ್ನಿನ ಪಟ್ಟಣಗಳೊಳಗಿಂದ ಸುಮಾರು ೧೫ ಲಕ್ಷ ಜನರನ್ನು, ಬಹುಮಟ್ಟಿಗೆ ಮಕ್ಕಳನ್ನು, ಕೆಲವೇ ದಿವಸಗಳಲ್ಲಿ ಹಳ್ಳಿಗಾಡಿಗೆ ಸಾಗಿಸಿದರು. ಆ ಯುದ್ಧಕಾಲದಲ್ಲಿ, ಇಂಥ ಮಕ್ಕಳ ಒಂದು ವಸತಿಗೃಹಕ್ಕೆ ೯ ವರುಷದ ಒಬ್ಬ ಹುಡುಗನು ಬಂದನು. ಅವನನ್ನು ಕಳುಹಿಸಿದ್ದು ಬಾಂಬುಗಳ ಸಲುವಾಗಿ ಅಲ್ಲ. ಅವನು ೬ ವರುಷದವನಿದ್ದಾಗಿನಿಂದ ಎಲ್ಲಾ ಕಡೆಯಿಂದಲೂ ಓಡಿಹೋಗುತ್ತಿದ್ದನು. ಅಲ್ಲಿಂದಲೂ ಓಡಿದನು. ವಿನಿಕಾಟನ ಮನೆಯ ಹತ್ತಿರದ ಪೊಲೀಸ್ ಠಾಣೆಯಲ್ಲಿ ಅವನು ಸಿಕ್ಕಲು, ವಿನಿಕಾಟನ ಹೆಂಡತಿಯು ಅವನನ್ನು ಮನೆಗೆ ಸೇರಿಸಿಕೊಂಡಳು. ಮೂರು ತಿಂಗಳು ಇಟ್ಟುಕೊಂಡರು. ಆ ಮೂರು ತಿಂಗಳು ನರಕವಾಗಿತ್ತೆಂದು ವೈದ್ಯನೇ ಮುಚ್ಚುಮರೆಯಿಲ್ಲದೆ ಬರೆದಿದ್ದಾನೆ. ಮೊದಲು ಹುಡುಗನು ಹೊರಗೆ ಓಡುತ್ತಿದ್ದನು. ಅವರು ತಡೆಯದೆ, ಹೋಗುವಾಗ ಕೈಗೆ ಒಂದು ಶಿಲಿಂಗ್ ಕೊಟ್ಟು, ಯಾವ ಠಾಣೆಯಿಂದ ಕರೆ ಬಂದರೂ ಹೋಗಿ ಕರತರುತ್ತಿದ್ದರು. ಸ್ವಲ್ಪ ಕಾಲದ ಮೇಲೆ ಓಡುವದು ನಿಂತು, ಒಳಗೆ ಹೊಡೆದಾಟವು ಆರಂಭವಾಯಿತು. ವೈದ್ಯನು ಮನೆಯಲ್ಲಿಲ್ಲದಾಗಲೇ ಅತಿ ಕೆಟ್ಟದ್ದು ನಡೆಯುತ್ತಿತ್ತಂತೆ. ಕೀರ್ತಿಯು ಗಂಡನಿಗೆ ಬಂದರೂ ಒದೆತವು ಹೆಂಡತಿಗೆ ಬಿತ್ತೆಂಬದನ್ನು ನಮ್ಮ ಸಹೋದರಿಯರು ಹೇಳದೆಯೇ ತಿಳುಕೊಳ್ಳುವರು.

ಅವನನ್ನು ಹೊಡೆದೆನೋ ಎಂದು ವಿನಿಕಾಟನು ತನ್ನನ್ನೇ ಕೇಳಿಕೊಂಡು, ಇಲ್ಲ ಅನ್ನುತ್ತಾನೆ. ಹಾಗಾದರೆ ಏನು ಮಾಡಿದನು? ಹುಡುಗನು ಮಿತಿಮೀರಿದಾಗ ಅವನನ್ನು ಹಿಡುಕೊಂಡು, ಗದರಿಸದೆ, ನಿಂದಿಸದೆ, ಹೊರಬಾಗಲಿನ ಆಚೆಗೆ ಬಿಡುತ್ತಿದ್ದನು. ಆ ಬಾಗಿಲಿಗೆ ಹುಡುಗನಿಗೋಸ್ಕರವೇ ಒಂದು ಗಂಟೆ ಇತ್ತು. ಅವನು ಅದನ್ನು ಬಾರಿಸಿದ ಕ್ಷಣವೇ ಬಾಗಿಲು ತೆರೆಯುವದು. ಹಿಂದೆ ನಡೆದದ್ದರ ವಿಷಯವಾಗಿ ಒಂದು ಮಾತೂ ಬಾರದು. ಇದು ಹುಡುಗನಿಗೆ ಗೊತ್ತಿತ್ತು. ರೌದ್ರವು ಇಳಿದ ಕೂಡಲೆ ಅವನು ಗಂಟೆ ಬಾರಿಸುವನು. ಇನ್ನೂ ಒಂದುಂಟು: ಪ್ರತಿ ಸಾರಿ ಹೊರಗೆ ಬಿಡುವಾಗ ವೈದ್ಯನು ಅವನಿಗೆ, ನೀನು ಮಾಡಿದ್ದರಿಂದ ನನಗೆ ನಿನ್ನ ಮೇಲೆ ದ್ವೇಷವುಂಟಾಗಿದೆ ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಡುತ್ತಿದ್ದನು. ಇದೆಲ್ಲವನ್ನು ಅವನು ೧೯೪೯ರಲ್ಲಿ ಅಚ್ಚಾದ ಒಂದು ಲೇಖನದಲ್ಲಿ ಬರೆದಿದ್ದಾನೆ. ಹುಡುಗನು ಪೂರ್ತಿಯಾಗಿ ಗುಣವಾದನೆಂದು ಅವನು ಹೇಳುವದಿಲ್ಲ. ಅವನನ್ನು ಕಡೆಗೆ ತಿದ್ದುಪಡಿಯ ಶಾಲೆಗೆ ಸೇರಿಸಬೇಕಾಯಿತು. ಆದರೆ ಆ ದಂಪತಿಗಳ ಸಂಗಡದ ಸಂಬಂಧವು ಅವನ ಬಾಳಿನಲ್ಲಿ ಕದಲದೆ ಉಳಿದ ಕೆಲವೇ ಸಂಗತಿಗಳಲ್ಲಿ ಒಂದಾಯಿತು.

ದ್ವೇಷವೆಂಬ ಮಾತನ್ನು ಓದಿ ನಮ್ಮ ಎದೆ ಧಸಕ್ಕೆಂದಿತು. ಮಗುವನ್ನು ದ್ವೇಷಿಸುವವರು ಒಳ್ಳೆಯವರೋ? ಇದರ ವಿಷಯ ಯೋಚಿಸಿ ನಾವು ಬಂದ ತೀರ್ಮಾನ ಇದು: ಒದೆ ತಿಂದವಳ ಮನಸ್ಸಿನಲ್ಲಿ ಉರಿ ಏಳುವದು ಅವಳ ಕೈಯಲ್ಲಿಲ್ಲ, ಆ ಉರಿಯನ್ನು ಕೈಗೆ ಇಳಿಸುವದು, ಬಿಡುವದು ಅವಳಿಗೆ ಸೇರಿದ್ದು. ನನಗೆ ಸಿಟ್ಟೇ ಇಲ್ಲವೆಂದು ನಗುಮುಖ ತೋರಿಸುವವಳನ್ನು ಮಗುವು ನಂಬದು. ಇಂಥ ಮಕ್ಕಳು ದೊಡ್ಡವರ ಮುಖವನ್ನು, ಮೋಡವನ್ನು ಒಕ್ಕಲಿಗನು ನೋಡುವ ಹಾಗೆ ನೋಡಿ ಕಲಿತವರು. ಮನಸ್ಸಿನಲ್ಲಿ ಅದುಮಿಟ್ಟ ಸಿಟ್ಟು ಇನ್ನೊಂದು ದಿನ, ಚಿಕ್ಕ ತಪ್ಪಿಗೆ ದೊಡ್ಡ ಏಟಾಗಿ ಹೊರಬರುವದು. “ನೀನು ಮಾಡಿದ್ದು ನನಗೆ ಬಹಳ ಸಿಟ್ಟು ತಂದಿದೆ, ನಾನು ಹೊಡೆಯುವದಿಲ್ಲ, ನಿನ್ನನ್ನು ಬಿಟ್ಟುಬಿಡುವದೂ ಇಲ್ಲ” ಎಂದು ಹೇಳುವವಳ ಮಾತಿನಲ್ಲಿ ಮೂರೂ ಸತ್ಯವಾಗಿರುವವು. ಹೊರಗಟ್ಟಿದವರು ಮತ್ತೆ ತೆರೆಯುವರೋ ಎಂಬದೇ ಆ ಮಕ್ಕಳು ತಮ್ಮ ಹೊಡೆದಾಟದಿಂದ ಕೇಳುವ ಪ್ರಶ್ನೆ ಎಂದು ನಮಗೆ ತೋರುತ್ತದೆ. ತಾಯಿಯು ಸತ್ತಳು, ತಂದೆಯು ಹೋದನು. ಇವರೂ ಹೋಗುವವರಾದರೆ ಈಗಲೇ ಹೋಗಲಿ ಎಂದು ಒದ್ದು ನೋಡುವರು.

ಆದರೆ ಲಂಡನಿನ ಆ ಬಾಗಿಲನ್ನು ನಮ್ಮ ಹಳ್ಳಿಗೆ ಹಾಗೆಯೇ ತರಬಾರದು. ರಾತ್ರಿಯಲ್ಲಿ ಮಗುವನ್ನು ಹೊರಗೆ ಹಾಕಿದರೆ ಹಾವು, ನಾಯಿ, ಬಾವಿ ಇವುಗಳ ಭಯವುಂಟು. ಇದಲ್ಲದೆ, ಅನೇಕ ಮನೆಗಳಲ್ಲಿ ಹೊರಗೆ ಹಾಕುವದನ್ನು ಮಾತ್ರ ಬಲ್ಲರು, ಗಂಟೆಯನ್ನು ಅರಿಯರು.

ಇನ್ನು ಹೊಡೆಸಿಕೊಳ್ಳುತ್ತಾ ಕೂತಿರಬೇಕೋ ಎಂಬ ಪ್ರಶ್ನೆಗೆ ಬರೋಣ. ಕೂತಿರಕೂಡದು. ಚಿಕ್ಕ ಮಗಳ ತಲೆಯನ್ನು ಕಾಯುವದು ಮೊದಲನೆಯ ಕರ್ತವ್ಯ. ಪೆಟ್ಟು ತಿಂದ ಮಗುವಿಗೆ, ಪಾಪ, ಅವನು ತಾಯಿಯಿಲ್ಲದವನು, ಸಹಿಸಿಕೋ ಅನ್ನುವದು ಅನ್ಯಾಯ. ಅಲ್ಲದೆ ಬಿಟ್ಟುಕೊಡುವದರಲ್ಲಿಯೂ ಒಂದು ಬೋನು ಉಂಟು. ಅಮೇರಿಕಾದ ಆರೆಗಾನ್ ಸೀಮೆಯಲ್ಲಿ ಜೆರಾಲ್ಡ್ ಪ್ಯಾಟರ್ಸನ್ ಎಂಬ ಪಂಡಿತನು ಇಂಥ ಕುಟುಂಬಗಳನ್ನು ಅವುಗಳ ಮನೆಯಲ್ಲಿಯೇ ಕೂತು ನೋಡಿ, ೧೯೮೨ರಲ್ಲಿ ಒಂದು ಗ್ರಂಥವನ್ನು ಬರೆದನು. ಅವನು ಕಂಡುಕೊಂಡದ್ದನ್ನು ನಮ್ಮ ರೀತಿಯಲ್ಲಿ ಹೇಳುವದಾದರೆ: ತಾಯಿಯು ನೀರು ತಾ ಅನ್ನುವಳು, ಮಗನು ಕೂಗುವನು, ಅವಳು ಗದರಿಸುವಳು, ಅವನು ಕೊಡವನ್ನು ಒದೆಯುವನು, ಅವಳು ಸಾಕಾಗಿ, ಬೇಡ ಹೋಗು ಅನ್ನುವಳು. ಆ ಗಳಿಗೆಗೆ ಇಬ್ಬರಿಗೂ ಸಮಾಧಾನ. ಒದ್ದರೆ ಕೆಲಸ ತಪ್ಪುವದೆಂದು ಮಗನು ಕಲಿತನು. ಸುಮ್ಮನಾದರೆ ಒದೆ ತಪ್ಪುವದೆಂದು ತಾಯಿಯು ಕಲಿತಳು. ನಾಳೆ ಒದೆತವು ಒಂದು ಮೆಟ್ಟಲು ಏರುವದು. ಆದದರಿಂದ ಹೇಳುವ ಮಾತುಗಳು ಕೆಲವೇ ಇರಲಿ, ಮೆಲ್ಲನೆ ಇರಲಿ, ಆದರೆ ಹೇಳಿದ್ದು ನಡೆಯಲಿ. ಅವನು ಶಾಂತನಾದ ಮೇಲೆ ಕೊಡವನ್ನು ಅವನ ಕೈಗೇ ಕೊಟ್ಟು, ಬೇಕಾದರೆ ಸಂಗಡ ಹೋಗಿ, ನೀರು ತರಿಸಬೇಕು. ಮಾಡಿದ ಒಳ್ಳೇದನ್ನು ಆಗಲೇ ಬಾಯಿಬಿಟ್ಟು ಹೇಳಬೇಕು; ನಮ್ಮ ಹಿರಿಯರು ಹೊಗಳಿದರೆ ಕೆಡುವನೆಂದು ಭಯಪಡುವದು ಯಾಕೋ ತಿಳಿಯದು.

ರೌದ್ರವೇರಿದ ಹೊತ್ತಿನಲ್ಲಿ ಬುದ್ಧಿಮಾತು ಹೇಳುವದು ಬಿರುಗಾಳಿಯಲ್ಲಿ ದೀಪ ಹಚ್ಚಿದ ಹಾಗೆ. ಆಗ ಕುಡುಗೋಲು, ಒನಕೆಗಳನ್ನು ಎತ್ತಿಟ್ಟು, ಚಿಕ್ಕವರನ್ನು ನೆರೆಮನೆಗೆ ಕಳುಹಿಸಿ, ಒಬ್ಬರೇ ಹತ್ತಿರ ಇರಬೇಕು. ನಾಲ್ಕು ಮಂದಿ ಸುತ್ತುಗಟ್ಟಿದರೆ ಅವನು ಸಿಕ್ಕಿಬಿದ್ದ ಬೆಕ್ಕಿನಂತಾಗುವನು. ಕೆಲವು ಮಕ್ಕಳಲ್ಲಿ ಕಾರಣವು ದೇಹದಲ್ಲಿಯೇ ಇರುವದು: ಕಿವಿ ಕೇಳಿಸದೆ ಇರಬಹುದು, ಮೂರ್ಛೆರೋಗವಿರಬಹುದು, ಬುದ್ಧಿಯು ವಯಸ್ಸಿಗೆ ತಕ್ಕಷ್ಟು ಬೆಳೆಯದಿರಬಹುದು, ಯಾರಾದರೂ ಗುಟ್ಟಾಗಿ ಕೆಡಿಸುತ್ತಿರಬಹುದು. ಗಾಳಿ ಹಿಡಿದಿದೆಯೆಂದು ತಾಯತ ಕಟ್ಟಿಸುವದನ್ನು ಬಿಟ್ಟು ವೈದ್ಯರಿಗೆ ತೋರಿಸತಕ್ಕದ್ದು. ಬೆಂಗಳೂರಿನ ನಿಮ್ಹಾನ್ಸ್ ಆಸ್ಪತ್ರೆಯಲ್ಲಿ ಮಕ್ಕಳ ಮನೋರೋಗದ ವಿಭಾಗವೇ ಇದೆ; ಧಾರವಾಡದಲ್ಲಿಯೂ ಮನೋರೋಗದ ದೊಡ್ಡ ಆಸ್ಪತ್ರೆ ಉಂಟು. ದೂರ ಹೋಗಲಾರದವರು, ಸರಕಾರವು ೨೦೨೨ರಲ್ಲಿ ಆರಂಭಿಸಿದ ಟೆಲಿ ಮಾನಸ್ ಎಂಬ ಸೇವೆಗೆ ೧೪೪೧೬ ಎಂಬ ಸಂಖ್ಯೆಯಲ್ಲಿ ಕರೆಮಾಡಿ ಕೇಳಬಹುದು. ಶಾಲೆಯಲ್ಲಿ ಮಾಸ್ತರರು ಬಡಿದು ತಿದ್ದಲೆಂದು ಹೇಳಿಬರುವ ತಂದೆಗಳಿಗೆ ಒಂದು ಮಾತು: ೨೦೦೯ರ ಶಿಕ್ಷಣದ ಹಕ್ಕಿನ ಕಾಯಿದೆಯ ೧೭ನೆಯ ಕಲಮಿನ ಪ್ರಕಾರ ಶಾಲೆಯಲ್ಲಿ ಮಗುವನ್ನು ಹೊಡೆಯಕೂಡದು.

ಆ ಹುಡುಗನ ಮನೆಗೆ ನಾವು ತಿರುಗಿ ಹೋದೆವು. ಹುಡುಗನ ಮುಂದೆಯೇ ಮಾವನಿಗೆ, ಅಂದು ನಾವು ಹೇಳಿದ್ದು ತಪ್ಪು ಎಂದು ಹೇಳಿದೆವು. ಹುಡುಗನು ನಮ್ಮ ಮೇಲೆ ಉಗುಳಿ ಹೊರಗೆ ಹೋದನು. ಆದರೆ ಅತ್ತೆಯು ಕೇಳಿಸಿಕೊಂಡಳು. ಅವನಿಗೆ ಸಿಟ್ಟು ಏರಿದಾಗ ಅವಳು ಮಗಳನ್ನು ಪಕ್ಕದ ಮನೆಗೆ ಕಳುಹಿಸಿ, ತಾನು ಹೊಸ್ತಿಲಲ್ಲಿ ಕೂತುಕೊಳ್ಳುವಳು. ಅವನು ಹಿತ್ತಲಿನ ಹುಣಿಸೆಯ ಮರದ ಕೆಳಗೆ ಹೋಗಿ ಎಷ್ಟು ಬೇಕಾದರೂ ಕೂಗಲಿ, ಬಂದು ಚಿಲಕ ಅಲ್ಲಾಡಿಸಿದರೆ ಅನ್ನ ಬಡಿಸುವಳು, ಮಾತೆತ್ತಳು. ಮೊದಲನೆಯ ವರುಷ ಅವಳ ಮೈಮೇಲೆ ಗುರುತುಗಳು ಕಡಿಮೆಯಾಗಲಿಲ್ಲ. ಒಂದು ದಿನ ಅವಳು ನಮ್ಮ ಮುಂದೆ, “ನನ್ನ ಕೈಲಿ ಆಗುವದಿಲ್ಲ ಅಯ್ಯನವರೇ, ಎಲ್ಲಿಗಾದರೂ ಕಳುಹಿಸಿಬಿಡಿರಿ” ಎಂದು ಅತ್ತಳು. ಅವಳನ್ನು ಒಂದು ತಿಂಗಳು ತವರಿಗೆ ಕಳುಹಿಸಿ, ಮಾವನೇ ಹುಡುಗನನ್ನು ನೋಡಿಕೊಂಡನು. ಈಗ ಹುಡುಗನಿಗೆ ೧೨ ವರುಷ. ಹೋದ ತಿಂಗಳಲ್ಲಿ ಎರಡು ಸಾರಿ ಕೈಯೆತ್ತಿದನಂತೆ. ಕೋಳಿಗಳಿಗೆ ನುಚ್ಚು ಹಾಕುವ ಕೆಲಸವನ್ನು ಅವನೇ ಕೇಳಿ ತಕ್ಕೊಂಡಿದ್ದಾನೆ. ಅತ್ತೆಯು ಕೊಟ್ಟಳು, ಆದರೆ ಸಂಜೆಗೆ ಮರಿಗಳನ್ನು ಎಣಿಸುತ್ತಾಳೆ.