ಬತ್ತಿಯ ಹದ, ಕರ್ಮದ ಕೌಶಲ

ಕೈಯ ನೈಪುಣ್ಯವು ತನ್ನಷ್ಟಕ್ಕೇ ಶ್ರೇಯಸ್ಕರವೇ, ಅಥವಾ ಅದು ಯಾವುದಕ್ಕೆ ಸಲ್ಲುತ್ತದೆ ಎಂಬುದರಿಂದ ಅದರ ಬೆಲೆ ನಿರ್ಣಯವಾಗುತ್ತದೆಯೇ ಎಂಬುದು ಕರ್ಮವಿಚಾರದ ಹಳೆಯ ಪ್ರಶ್ನೆ. ಹತ್ತಿಯ ಬತ್ತಿಯಷ್ಟು ಸಣ್ಣ ವಸ್ತುವಿನಲ್ಲಿಯೂ ಇದನ್ನು ಪರೀಕ್ಷಿಸಬಹುದು. ಏಕೆಂದರೆ ಬೆಂಗಳೂರಿನ ರಾಜಾಜಿನಗರ, ವಿಜಯನಗರಗಳ ಮನೆಗಳಲ್ಲಿ ಸಂಜೆ ಹಚ್ಚುವ ದೀಪಕ್ಕೂ, ವೇಪ್ ಎಂದು ಕರೆಯಲಾಗುವ ಇ-ಸಿಗರೇಟಿನ ಒಂದು ಬಗೆಗೂ ಬೇಕಾದದ್ದು ಹದವರಿತು ಕೂಡಿಸಿದ ಹತ್ತಿಯೇ.

ಹತ್ತಿಯ ಎಳೆಗಳ ನಡುವಿನ ಕಿರುಸಂದುಗಳಲ್ಲಿ ದ್ರವವು ತಾನಾಗಿ ಹರಿದೇರುವುದನ್ನು ಲೋಮನಾಳ ಕ್ರಿಯೆ ಎನ್ನುತ್ತಾರೆ. ದೀಪದ ಬತ್ತಿಯನ್ನು ತೀರ ಬಿಗಿಯಾಗಿ ಹೊಸೆದರೆ ಎಣ್ಣೆ ಸರಿಯಾಗಿ ಏರದೆ ತುದಿ ಕರಕಲಾಗುತ್ತದೆ. ಆದ್ದರಿಂದಲೇ ಬಲ್ಲವರು ಬೀಜ ತೆಗೆದ ಹತ್ತಿಯನ್ನು ಬಿಡಿಸಿ, ಬೆರಳಿಗೆ ವಿಭೂತಿಯನ್ನೋ ಹಾಲನ್ನೋ ಸೋಕಿಸಿಕೊಂಡು, ಬುಡವನ್ನು ಅಗಲವಾಗಿ ಉಳಿಸಿ ತುದಿಯನ್ನಷ್ಟೇ ಹೊಸೆದು ಹೂಬತ್ತಿ ಮಾಡುತ್ತಾರೆ. ಬಳಸುವವನೇ ತಂತಿಯನ್ನು ಸುರುಳಿ ಸುತ್ತಿ ಅದರೊಳಗೆ ಹತ್ತಿ ತೂರಿಸಬೇಕಾದ ವೇಪ್‌ನಲ್ಲಿಯೂ ನಿಯಮ ಇದೇ: ಹತ್ತಿ ಕಿಕ್ಕಿರಿದರೆ ದ್ರವ ತಲುಪದೆ ಅದು ಸೀದುಹೋಗುತ್ತದೆ, ಸಾಲದಾದರೆ ದ್ರವ ಸೋರುತ್ತದೆ. ಸಂಸ್ಕರಿಸದ ಹತ್ತಿಯ ಮೇಲಿನ ಸಹಜವಾದ ಮೇಣದ ಪದರವು ನೀರನ್ನು ದೂರವಿಟ್ಟರೂ ಎಣ್ಣೆಯನ್ನು ಹೀರಿಕೊಳ್ಳುತ್ತದೆ. ಗ್ಲಿಸರಿನ್‌ನಂಥ ದ್ರವ ಬಳಸುವ ವೇಪ್‌ಗೆ ಆ ಮೇಣ ತೆಗೆದ ಹತ್ತಿಯೇ ಬೇಕಾಗುತ್ತದೆ.

ಹೀಗೆ ಹದ ಒಂದೇ ಆದಾಗ ಎರಡೂ ಕರ್ಮಗಳು ಸಮಾನವೇ ಎಂಬ ಶಂಕೆ ಏಳುತ್ತದೆ. ಭಗವದ್ಗೀತೆಯ 2ನೆಯ ಅಧ್ಯಾಯವು ಕರ್ಮದಲ್ಲಿನ ಕೌಶಲವನ್ನೇ ಯೋಗವೆಂದು ಕರೆಯುತ್ತದೆಯಾದರೂ, ಆ ಮಾತಿಗೆ ಭಾಷ್ಯ ಬರೆದ ಶಂಕರಾಚಾರ್ಯರು ಕೌಶಲಕ್ಕೆ ಕೈಚಳಕವೆಂಬ ಅರ್ಥವನ್ನು ಕೊಡದೆ, ಸ್ವಭಾವತಃ ಬಂಧಿಸುವ ಕರ್ಮಗಳೂ ಸಮತ್ವಬುದ್ಧಿಯಿಂದ ಆ ಸ್ವಭಾವವನ್ನು ಕಳೆದುಕೊಳ್ಳುವುದೇ ಕೌಶಲವೆಂದು ವಿವರಿಸಿದ್ದಾರೆ. ಈ ಅಳತೆಗೋಲಿನಿಂದ ನೋಡಿದರೆ, ವ್ಯಸನ ಹುಟ್ಟಿಸುವ ನಿಕೋಟಿನ್ನನ್ನು ದೇಹಕ್ಕೆ ಹೆಚ್ಚು ಸೊಗಸಾಗಿ ತಲುಪಿಸುವ ನೈಪುಣ್ಯವು ಬಂಧನವನ್ನು ಬಿಗಿಗೊಳಿಸುತ್ತದೆಯೇ ಹೊರತು ಸಡಿಲಿಸುವುದಿಲ್ಲ. ಕಾನೂನೂ ಇದಕ್ಕೆ ತಡೆಯೊಡ್ಡಿದೆ: ಕರ್ನಾಟಕವು 2016ರಲ್ಲಿ ಇ-ಸಿಗರೇಟಿನ ಮಾರಾಟವನ್ನು ನಿಷೇಧಿಸಿತು. 2019ರ ಕೇಂದ್ರ ಕಾಯಿದೆಯು ದೇಶಾದ್ಯಂತ ಅದರ ತಯಾರಿಕೆ, ಆಮದು, ಮಾರಾಟ, ಸಂಗ್ರಹ, ಜಾಹೀರಾತುಗಳನ್ನು ಅಪರಾಧವಾಗಿಸಿತು. ಆದರೆ ಕಾನೂನು ವಸ್ತುವನ್ನು ತಡೆಯಬಲ್ಲುದೇ ಹೊರತು ಬಯಕೆಯನ್ನಲ್ಲ. ಬಯಕೆಯ ವಿಚಾರ ಧರ್ಮಚಿಂತನೆಗೆ ಸೇರಿದ್ದು.

ಬಸವಣ್ಣನವರ ಕಾಲದ, ಅಂದರೆ 12ನೆಯ ಶತಮಾನದ ಶರಣರು ಕರ್ಮದ ಈ ವಿವೇಚನೆಗೆ ಎರಡು ಪದಗಳನ್ನು ಕೊಟ್ಟಿದ್ದಾರೆ. ಶ್ರದ್ಧೆಯಿಂದ ಮಾಡುವ ದುಡಿಮೆ ಕಾಯಕವಾದರೆ, ಅದರ ಫಲವನ್ನು ಸಮಾಜಕ್ಕೆ ಸಲ್ಲಿಸುವುದು ದಾಸೋಹ. ಒಂದನ್ನು ಬಿಟ್ಟರೆ ಇನ್ನೊಂದು ಪೂರ್ಣವಾಗದು. ಬಸವಣ್ಣನವರ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುತ್ತಿದ್ದ ಶರಣ ಮಾರಯ್ಯ ಒಂದು ದಿನ ಹೆಚ್ಚಾಗಿ ತಂದಾಗ, ಅದನ್ನು ಅಲ್ಲಿಯೇ ಸುರಿದು ಬರುವಂತೆ ಹೇಳಿದ ಅವನ ಹೆಂಡತಿ ಆಯ್ದಕ್ಕಿ ಲಕ್ಕಮ್ಮ, ಆಯುವ ಜಾಣ್ಮೆಯನ್ನಲ್ಲ, ಅದರ ಹಿಂದಿನ ಆಸೆಯನ್ನು ತೂಗಿದಳು. ದೀಪದ ಬತ್ತಿ ತಾನು ಸವೆಯುತ್ತ ಬೆಳಕನ್ನು ಕೋಣೆಯಲ್ಲಿರುವ ಎಲ್ಲರಿಗೂ ಹಂಚುತ್ತದೆ. ವೇಪ್‌ನ ಬತ್ತಿ ಒಬ್ಬನ ಹಂಬಲಕ್ಕಾಗಿ ಬಿಸಿಯಾಗಿ, ಪಕ್ಕದವರ ಉಸಿರಿಗೆ ಆವಿಯನ್ನು ಬಿಡುತ್ತದೆ.

ಆದ್ದರಿಂದ ಹದ ಬಲ್ಲ ಬೆರಳುಗಳು ಗೌರವಾರ್ಹವೇ ಸರಿ, ಆದರೆ ಅವು ಕೌಶಲದ ಅರ್ಧದಷ್ಟು ಮಾತ್ರ. ಹೊಸೆದದ್ದು ಯಾವುದನ್ನು ಉರಿಸುತ್ತದೆ, ಯಾರಿಗೆ ಬೆಳಕಾಗುತ್ತದೆ ಎಂದು ಕೇಳಿಕೊಂಡಾಗಲೇ ಕೌಶಲವು ಯೋಗವಾಗುತ್ತದೆ.