ಒಳಗೆ ಬಿಡದ ಮನೆ, ಹೊರಗೆ ಬಂದ ಆಟ

ಬಂಡೀಪುರ ದಾಟಿ, ಮಸಿನಗುಡಿ ಕಡೆಯಿಂದ ಮೂವತ್ತಾರು ತಿರುವು ಹತ್ತಿ ಊಟಿ ಸೇರುವ ನಮ್ಮವರು ಬೋಟ್ ಹೌಸ್ ನೋಡುತ್ತಾರೆ, ಬೊಟಾನಿಕಲ್ ಗಾರ್ಡನ್ ಸುತ್ತುತ್ತಾರೆ, ವರ್ಕಿ, ಚಾಕೊಲೇಟು ಕಟ್ಟಿಸಿಕೊಂಡು ಬರುತ್ತಾರೆ. ಊಟಿ ಕ್ಲಬ್ಬಿನ ಒಳಗೆ ಹೋಗಿದ್ದೆ ಎನ್ನುವವರು ಅಪರೂಪ. ಮುಂದೆ ಕಂಬಸಾಲು ಇಟ್ಟುಕೊಂಡು ನಿಂತ ಆ ಬಿಳಿ ಮನೆಗೆ ಸದಸ್ಯರು, ಅವರ ಅತಿಥಿಗಳು ಬಿಟ್ಟರೆ ಉಳಿದವರಿಗೆ ಪ್ರವೇಶವಿಲ್ಲ. ನನಗೇನೂ ತಕರಾರಿಲ್ಲ. ಮುಚ್ಚಿದ ಬಾಗಿಲಿನ ಮನೆಯನ್ನು ಕುರಿತು ಯೋಚಿಸುವುದರಲ್ಲಿ ಒಂದು ಸುಖವಿದೆ. ಟಿಕೆಟ್ ಕೊಟ್ಟು ಹೊಕ್ಕ ಅರಮನೆಯಲ್ಲಿ ಅದು ಸಿಗುವುದಿಲ್ಲ.

1830ರ ದಶಕದ ಮೊದಲಲ್ಲಿ ಇದನ್ನು ಕಟ್ಟಿಸಿದವನು ಸರ್ ವಿಲಿಯಂ ರಂಬೋಲ್ಡ್. ಹೈದರಾಬಾದಿನ ಪಾಮರ್ ಕಂಪನಿಯ ಪಾಲುದಾರ. ನಿಜಾಮನಿಗೆ ಸಾಲ ಕೊಟ್ಟು ಹೆಸರು ಕೆಡಿಸಿಕೊಂಡ ಲೇವಾದೇವಿ ಕಂಪನಿ ಅದು. ಮನೆ ಎದ್ದ ಸ್ವಲ್ಪದರಲ್ಲೇ, 1833ರಲ್ಲಿ, ಅವನು ತೀರಿಕೊಂಡ. ಅವನ ಅಜ್ಜ ಥಾಮಸ್ ರಂಬೋಲ್ಡ್ ನಮ್ಮ ಚರಿತ್ರೆಗೆ ಅಪರಿಚಿತನಲ್ಲ, ಮದರಾಸಿನ ಗವರ್ನರ್ ಆಗಿದ್ದವನು. ಅವನ ಕಾಲದಲ್ಲೇ, 1779ರಲ್ಲಿ, ಇಂಗ್ಲಿಷರು ಫ್ರೆಂಚರಿಂದ ಮಾಹೆಯನ್ನು ಕಿತ್ತುಕೊಂಡರು. ಮಾಹೆ ತನ್ನ ರಕ್ಷಣೆಯಲ್ಲಿದೆ ಎನ್ನುತ್ತಿದ್ದ ಹೈದರಾಲಿ ಕೆರಳಿ ಮರುವರ್ಷ ಘಟ್ಟ ಇಳಿದ. ಆ ಯುದ್ಧದಲ್ಲಿ ಸೆರೆಸಿಕ್ಕು ಶ್ರೀರಂಗಪಟ್ಟಣದಲ್ಲಿ ವರ್ಷಗಟ್ಟಲೆ ಕೊಳೆತವರಲ್ಲಿ ಕಾಲಿನ್ ಮೆಕಾಲೆ ಎಂಬ ತರುಣ ಅಧಿಕಾರಿಯೂ ಇದ್ದ.

1834ರ ಜೂನಿನಲ್ಲಿ ಆ ಕಾಲಿನ್‌ನ ತಮ್ಮನ ಮಗ ಥಾಮಸ್ ಬ್ಯಾಬಿಂಗ್ಟನ್ ಮೆಕಾಲೆ ಮದರಾಸಿನಲ್ಲಿ ಹಡಗಿಳಿದ. ಬೆಂಗಳೂರು, ಶ್ರೀರಂಗಪಟ್ಟಣ, ಮೈಸೂರು ಹಾದು ಪಲ್ಲಕ್ಕಿಯಲ್ಲಿ ಊಟಿ ಸೇರಿದ. ನಾನೂರು ಮೈಲಿ ಮನುಷ್ಯರ ಹೆಗಲ ಮೇಲೆ ಬಂದೆ ಎಂದು ಊರಿಗೆ ಕಾಗದ ಬರೆದ. ಯಾರ ಹೆಗಲು ಎಂದು ಬರೆಯುವ ರೂಢಿ ಆಗ ಇರಲಿಲ್ಲ. ಅವನು ಕಾಣಬೇಕಿದ್ದ ಗವರ್ನರ್ ಜನರಲ್ ಬೆಂಟಿಂಕ್ ಅಲ್ಲಿ ರಂಬೋಲ್ಡನ ಮನೆಯನ್ನೇ ಬಾಡಿಗೆಗೆ ಹಿಡಿದಿದ್ದ. ಹೀಗೆ, ಅಜ್ಜನ ಕಾಲದಲ್ಲಿ ಹೊತ್ತಿದ ಯುದ್ಧ ದೊಡ್ಡಪ್ಪನನ್ನು ಸೆರೆಗೆ ತಳ್ಳಿತ್ತು, ಮೊಮ್ಮಗನ ಮನೆ ತಮ್ಮನ ಮಗನಿಗೆ ಬೆಂಕಿಗೂಡಿನ ಪಕ್ಕ ಕುರ್ಚಿ ಹಾಕಿಕೊಟ್ಟಿತು. ದಾರಿಯಲ್ಲಿ ಶ್ರೀರಂಗಪಟ್ಟಣದ ಕೋಟೆ ನೋಡಿ ಬಂದಿದ್ದ ಮೆಕಾಲೆಗೆ ಈ ಲೆಕ್ಕ ಹೊಳೆದಿತ್ತೋ ಇಲ್ಲವೋ. ನನಗಂತೂ ಹೊಳೆದಂದಿನಿಂದ ತಲೆಯಿಂದ ಇಳಿದಿಲ್ಲ.

1840ರ ದಶಕದ ಆರಂಭದಲ್ಲಿ ಮನೆ ಕ್ಲಬ್ಬಾಯಿತು. ಮುಂದೆ ಬೇಸಿಗೆಗೆ ಮದರಾಸ್ ಸರ್ಕಾರವೇ ಗಂಟುಮೂಟೆ ಕಟ್ಟಿ ಬೆಟ್ಟ ಹತ್ತುವ ಕಾಲ ಬಂತು. ಬಿಳಿಯ ಅಧಿಕಾರಿಗಳು, ತೋಟದ ದೊರೆಗಳು, ಬೇಟೆಯ ಮಾತು, ಗೋಡೆಯ ಮೇಲೆ ಪ್ರಾಣಿಗಳ ತಲೆ. ಇದರಲ್ಲಿ ಬೆರಗೇನಿಲ್ಲ, ಅಂಥ ಕ್ಲಬ್ಬುಗಳು ಎಷ್ಟೋ.

ಬೆರಗು ಇರುವುದು ಬಿಲಿಯರ್ಡ್ಸ್ ಕೋಣೆಯಲ್ಲಿ. 1875ರ ಮಳೆಗಾಲದಲ್ಲಿ ಜಬಲ್ಪುರದ ಸೈನಿಕರ ಮೆಸ್ಸಿನಲ್ಲಿ ಹತ್ತೊಂಬತ್ತರ ಸೈನ್ಯಾಧಿಕಾರಿ ನೆವಿಲ್ ಚೇಂಬರ್ಲೇನ್, ಹೊರಗೆ ಹೋಗಲಾರದ ಬೇಸರಕ್ಕೆ, ಹಳೆಯ ಆಟದ ಹದಿನೈದು ಕೆಂಪು ಚೆಂಡುಗಳ ಜೊತೆ ಒಂದೊಂದೇ ಬಣ್ಣದ ಚೆಂಡು ಸೇರಿಸಿ ನೋಡಿದ. ಚೆಂಡು ಕುಳಿಗೆ ಬೀಳಿಸಲಾರದೆ ತಪ್ಪಿದ ಗೆಳೆಯನನ್ನು, ಸೈನಿಕ ಶಾಲೆಯ ಹೊಸಬರನ್ನು ಗೇಲಿ ಮಾಡುವ ಹೆಸರಿನಿಂದ ‘ಸ್ನೂಕರ್’ ಎಂದು ಕರೆದ. ಆಟಕ್ಕೆ ಅದೇ ಹೆಸರು ಅಂಟಿತು. ಮುಂದೆ ಮದರಾಸ್ ಸೈನ್ಯದ ಮುಖ್ಯಸ್ಥ ಫ್ರೆಡರಿಕ್ ರಾಬರ್ಟ್ಸ್‌ನ ಪರಿವಾರದಲ್ಲಿ ಊಟಿಗೆ ಬಂದಾಗ, 1882ರಲ್ಲಿ, ನಿಯಮಗಳನ್ನು ಒಪ್ಪವಾಗಿ ಬರೆದು ಕ್ಲಬ್ಬಿನ ಗೋಡೆಗೆ ಹಾಕಿದರಂತೆ. ‘ಅಂತೆ’ ಎಂದೆ, ಏಕೆಂದರೆ ಚೇಂಬರ್ಲೇನ್ ಇದನ್ನೆಲ್ಲ ಪತ್ರಿಕೆಗೆ ಬರೆದು ಹೇಳಿದ್ದು 1938ರಲ್ಲಿ, ಎಂಬತ್ತೆರಡರ ಮುದುಕನಾಗಿ. ಆಟ ತನ್ನದೆಂದು ಹೇಳಿಕೊಳ್ಳಲು ಮನುಷ್ಯ ಅರವತ್ತಮೂರು ವರ್ಷ ತಡೆದ ಎಂಬುದೇ ನನಗೆ ಅವನನ್ನು ನಂಬಲು ಸಾಕು.

ಇದೇ ಮನೆಗೆ ಬಂದುಹೋದ ಮೆಕಾಲೆ ಮುಂದೆ ಕಲ್ಕತ್ತೆಯಲ್ಲಿ ದಂಡಸಂಹಿತೆಯ ಕರಡು ಬರೆಸಿದ. 1862ರಲ್ಲಿ ಜಾರಿಗೆ ಬಂದ ಅದು 2024ರ ಜೂನ್ ಕಳೆಯುವವರೆಗೆ ನಮ್ಮನ್ನು ಆಳಿತು. ಅದರ ಹಿಂದೆ ಪೊಲೀಸು, ಕೋರ್ಟು, ಜೈಲು ಎಲ್ಲ ಇದ್ದವು. ಬಿಲಿಯರ್ಡ್ಸ್ ಕೋಣೆಯ ಹಾಳೆಯ ಹಿಂದೆ ಯಾರಿದ್ದರು? ಮಳೆ ನಿಲ್ಲಲೆಂದು ಕಾಯುವ ನಾಲ್ಕು ಜನ. ಬಾಗಿಲಲ್ಲಿ ನಿಂತು ಮನುಷ್ಯರನ್ನು ತಡೆದ ಕ್ಲಬ್ಬಿಗೆ ಗೋಡೆಯ ಮೇಲಿನ ನಿಯಮ ಹೊರಗೆ ಹೋಗುವುದನ್ನು ತಡೆಯಲಾಗಲಿಲ್ಲ. 1885ರಲ್ಲಿ ಕೂಚ್ ಬಿಹಾರದ ಮಹಾರಾಜನ ಔತಣದಲ್ಲಿ ಇಂಗ್ಲೆಂಡಿನ ಬಿಲಿಯರ್ಡ್ಸ್ ನಿಪುಣ ಜಾನ್ ರಾಬರ್ಟ್ಸ್ ಅದನ್ನು ಚೇಂಬರ್ಲೇನನ ಬಾಯಿಂದಲೇ ಕೇಳಿ ತಿಳಿದು ತನ್ನ ದೇಶಕ್ಕೆ ಒಯ್ದ ಎನ್ನುತ್ತಾರೆ. 2003ರಲ್ಲಿ ಬೆಂಗಳೂರಿನ ಹದಿನೆಂಟರ ಹುಡುಗ ಪಂಕಜ್ ಅಡ್ವಾಣಿ ಚೀನಾದಲ್ಲಿ ಅದೇ ಆಟದ ವಿಶ್ವ ಅಮೆಚೂರ್ ಪ್ರಶಸ್ತಿ ಗೆದ್ದ.

ಪ್ರಶಸ್ತಿಗಿಂತ ನನಗೆ ಇಷ್ಟವಾಗುವುದು ನಮ್ಮ ಬಡಾವಣೆಗಳ ಪಾರ್ಲರುಗಳು. ಕೆಳಗೆ ಬೇಕರಿ, ಮೇಲೆ ಮೂರು ಟೇಬಲ್ಲು, ಹಸಿರು ಬಟ್ಟೆಯ ಮೇಲೆ ತಗ್ಗಿಸಿ ಕಟ್ಟಿದ ದೀಪ. ಕ್ಯೂ ತುದಿಗೆ ಚಾಕ್ ತಿಕ್ಕಿ ತಿಕ್ಕಿ ಹೆಬ್ಬೆರಳು ನೀಲಿಯಾದ ಹುಡುಗರು. ಸೋತವನದೇ ಟೇಬಲ್ ದುಡ್ಡು. ಮೊದಲು ಕೆಂಪು ಬೀಳಿಸದೆ ಬಣ್ಣದ ಚೆಂಡಿಗೆ ಹೋಗಬಾರದೆಂದು ಯಾರಪ್ಪಾ ಹೇಳಿದ್ದು ಎಂದರೆ ತಲೆ ಎತ್ತದೆ ಉತ್ತರ ಬರುತ್ತದೆ: ‘ರೂಲ್ಸು ಅಂಕಲ್, ಮೊದ್ಲಿಂದ್ಲೂ ಹಂಗೇ ಇರೋದು.’