ಸೇವೆಯ ಲೆಕ್ಕ ಯಾರದು?

ಸರ್ಟಿಫಿಕೇಟಿಗಾಗಿ ಮಾಡಿದ ಸೇವೆ ಸೇವೆಯೇ? ಈ ಪ್ರಶ್ನೆ ನನ್ನನ್ನು ಕಾಡತೊಡಗಿದ್ದು, ಪುಣೆಯಲ್ಲಿರುವ ಅಣ್ಣನ ಮಗಳು ಹತ್ತನೆಯ ತರಗತಿ ಮುಗಿಸಿ ಐಬಿ ಡಿಪ್ಲೊಮಾಕ್ಕೆ ಸೇರಿದ ಮೇಲೆ.

1968ರಲ್ಲಿ ಜಿನೀವಾದಲ್ಲಿ ಶುರುವಾದ ಈ ಪಠ್ಯಕ್ರಮ ಮೊದಲು ರೂಪುಗೊಂಡದ್ದು ದೇಶದಿಂದ ದೇಶಕ್ಕೆ ವರ್ಗವಾಗುತ್ತಿದ್ದವರ ಮಕ್ಕಳನ್ನು ಮನಸ್ಸಿನಲ್ಲಿಟ್ಟುಕೊಂಡು. ಇದರಲ್ಲಿ ಎರಡು ವರ್ಷ, ಆರು ವಿಷಯ. ಒಂದೊಂದಕ್ಕೂ ಗರಿಷ್ಠ 7 ಅಂಕ. 'ಥಿಯರಿ ಆಫ್ ನಾಲೆಡ್ಜ್' ಎಂಬ ಜ್ಞಾನಮೀಮಾಂಸೆಯ ಪಾಠ ಮತ್ತು 4000 ಪದಗಳ ಮಿತಿಯ ಸಂಶೋಧನಾ ಪ್ರಬಂಧ, ಎರಡಕ್ಕೂ ಸೇರಿ ಇನ್ನು 3. ಒಟ್ಟು 45. ಇವುಗಳ ಜೊತೆಗೆ 'ಕ್ಯಾಸ್' ಇದೆ: ಸೃಜನಶೀಲತೆ, ಚಟುವಟಿಕೆ, ಸೇವೆ. ಕನಿಷ್ಠ 18 ತಿಂಗಳು ನಡೆಯಬೇಕಾದ ಇದಕ್ಕೆ ಅಂಕವಿಲ್ಲ. ಆದರೆ ಇದನ್ನು ಪೂರೈಸದಿದ್ದರೆ, ಬೇರೆ ಎಲ್ಲದರಲ್ಲಿ ಎಷ್ಟೇ ಅಂಕ ಬಂದರೂ ಡಿಪ್ಲೊಮಾ ಸಿಗದು. ಮಾಡಿದ್ದಕ್ಕೆ ಪುರಾವೆ ಇಡಬೇಕು, ಅದರಿಂದ ಕಲಿತದ್ದೇನೆಂದು ಬರೆಯಬೇಕು.

ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದು ಎಂದು ಕೇಳಿ ಬೆಳೆದವರಿಗೆ ಇದು ಕಸಿವಿಸಿ ತರುತ್ತದೆ. ಆದರೆ ದೇವಸ್ಥಾನದ ಟ್ಯೂಬ್‌ಲೈಟಿನ ಮೇಲೆ ಬೆಳಕಿಗೇ ಅಡ್ಡವಾಗುವಷ್ಟು ದೊಡ್ಡ ಅಕ್ಷರದಲ್ಲಿ ದಾನಿಗಳ ಹೆಸರು ಬರೆಸುವವರೂ ನಾವೇ. ಹಾಗಾಗಿ ಹದಿನಾರರ ಹುಡುಗಿಯಿಂದ ನಿಷ್ಕಾಮ ಕರ್ಮ ನಿರೀಕ್ಷಿಸುವುದು ನ್ಯಾಯವಲ್ಲ. ನ್ಯಾಯದ ಕೆಲಸಗಳನ್ನು ಮಾಡುತ್ತ ಮಾಡುತ್ತಲೇ ಮನುಷ್ಯ ನ್ಯಾಯವಂತನಾಗುತ್ತಾನೆ ಎಂಬುದು ಅರಿಸ್ಟಾಟಲನ ವಾದ. ಒತ್ತಾಯದಿಂದ ಶುರುವಾದದ್ದೂ ಮುಂದೆ ಸ್ವಭಾವವಾಗಬಹುದು. ಉದ್ದೇಶ ಶುದ್ಧವಾಗುವವರೆಗೆ ಕಾದರೆ ಯಾರ ಕೆಲಸವೂ ಶುರುವಾಗುವುದಿಲ್ಲ.

ನನ್ನ ತಕರಾರು ಬೇರೆಡೆ ಇದೆ. ಕ್ಯಾಸ್‌ಗೆ ಏಳು ಕಲಿಕಾ ಫಲಗಳಿವೆ: ತನ್ನ ಶಕ್ತಿ ಗುರುತಿಸಿಕೊಳ್ಳುವುದು, ಸವಾಲು ಎದುರಿಸುವುದು, ಯೋಜನೆ ಹಾಕುವುದು, ಹಿಡಿದದ್ದನ್ನು ಬಿಡದಿರುವುದು, ಕೂಡಿ ದುಡಿಯುವುದು, ಜಗತ್ತಿನ ಸಮಸ್ಯೆಗಳಿಗೆ ತೆರೆದುಕೊಳ್ಳುವುದು, ತನ್ನ ಆಯ್ಕೆಗಳ ನೈತಿಕತೆಯನ್ನು ಯೋಚಿಸುವುದು. ಎಲ್ಲವೂ ಒಳ್ಳೆಯವೇ. ಆದರೆ ಏಳೂ ಸೇವೆ ಮಾಡುವವರ ಕುರಿತವು. ಸೇವೆ ಪಡೆದವರಿಗೆ ಏನಾಯಿತು ಎಂಬುದು ಈ ಏಳರಲ್ಲಿಲ್ಲ. ಸಮುದಾಯದ ನಿಜವಾದ ಅಗತ್ಯಕ್ಕೆ ಸ್ಪಂದಿಸಬೇಕು, ಎಲ್ಲರ ಘನತೆ ಕಾಯಬೇಕು ಎಂದು ಐಬಿಯೂ ಹೇಳುತ್ತದೆ, ನಿಜ. ಆದರೆ ಮಗು ಬರೆಯುವುದು ತಾನು ಕಲಿತದ್ದನ್ನು. 'ನಿನಗಿದು ಹೇಗೆ ಗೊತ್ತು?' ಎಂದು ಜ್ಞಾನಮೀಮಾಂಸೆಯ ತರಗತಿಯಲ್ಲಿ ಕೇಳುವ ಪ್ರಶ್ನೆಯನ್ನು ಸೇವೆಗೂ ಕೇಳಬೇಡವೇ? ಅವರಿಗೆ ಉಪಯೋಗವಾಯಿತೆಂದು ನಿನಗೆ ಹೇಗೆ ಗೊತ್ತು?

ಅಣ್ಣನ ಮಗಳು ಆರಿಸಿಕೊಂಡದ್ದು ಮನೆಯ ಹತ್ತಿರ ಕಟ್ಟಡ ಕೆಲಸಕ್ಕೆ ಬಂದ ಯಾದಗಿರಿ ಕಡೆಯವರ ಮಕ್ಕಳಿಗೆ ಭಾನುವಾರ ಓದು ಹೇಳಿಕೊಡುವುದನ್ನು. ಗೆಳತಿಯರ ಇಂಗ್ಲಿಷು, ಮರಾಠಿ ಅಲ್ಲಿ ನಡೆಯಲಿಲ್ಲ, ಇವಳ ಮನೆಗನ್ನಡ ನಡೆಯಿತು. ಹದಿನೆಂಟು ತಿಂಗಳು ದಾಟಿ, ದಾಖಲೆಗೆ ಸಹಿ ಬಿದ್ದು, ಮೇ ತಿಂಗಳ ಪರೀಕ್ಷೆ ಹತ್ತಿರವಾದಾಗ ಫೋನು ಮಾಡಿದಳು. "ಚಿಕ್ಕಪ್ಪಾ, ನನ್ನ ಕ್ಯಾಸ್ ಮುಗೀತು. 'ಅಕ್ಕಾ, ಇನ್ನ ಬರಂಗಿಲ್ಲೇನ್ರಿ' ಅಂತ ಕೇಳ್ತಿದಾರೆ. ಹೋಗದಿದ್ರೆ ತಪ್ಪಾ?"

ತನ್ನ ಸಲುವಾಗಿ ಶುರು ಮಾಡಿದ ಕೆಲಸ ಇನ್ನೊಬ್ಬರಲ್ಲಿ ನಿರೀಕ್ಷೆ ಹುಟ್ಟಿಸಿದರೆ ಋಣ ಉಂಟೇ? ಉಂಟು ಎಂದೇ ನನ್ನ ನಂಬಿಕೆ. ಋಣ ಹುಟ್ಟುವುದು ನಮ್ಮ ಉದ್ದೇಶದಿಂದಲ್ಲ, ಎದುರಿನವರು ನಮ್ಮ ಮೇಲಿಟ್ಟ ಭರವಸೆಯಿಂದ. ಹಾಗೆಂದು ಅವಳು ಜೀವನಪೂರ್ತಿ ಅಲ್ಲಿಗೆ ಹೋಗಬೇಕಿಲ್ಲ. ಹೇಳದೆ ಮಾಯವಾಗಬಾರದು, ಅಷ್ಟೆ. ಮುಂಬಯಿಯಲ್ಲಿ ಹಗಲು ಹೋಟೆಲಿನಲ್ಲಿ ದುಡಿದು ಬಂದ ಹುಡುಗರಿಗೆ ಕನ್ನಡದ ರಾತ್ರಿ ಶಾಲೆಗಳು ದಶಕಗಳ ಕಾಲ ಪಾಠ ಹೇಳಿದವು. ಅಲ್ಲಿ ಮೇಷ್ಟರುಗಳು ಬದಲಾದರು, ಶಾಲೆ ಉಳಿಯಿತು. ಅಲ್ಲಿಯೂ ಹಾಜರಿ ಪುಸ್ತಕವಿತ್ತು, ಲೆಕ್ಕವಿತ್ತು. ಆ ಲೆಕ್ಕ ಹುಡುಗರದ್ದಾಗಿತ್ತು: ಯಾರು ಬಂದರು, ಯಾರು ಎಸ್ಸೆಸ್ಸಿ ಪಾಸಾದರು.

ಹಾಗಾಗಿ ಸೇವೆಗೆ ದಾಖಲೆ ಇಡುವುದೇ ತಪ್ಪಲ್ಲ. ಅದರಲ್ಲಿ ಯಾರ ಲೆಕ್ಕವಿದೆ ಎಂದು ನೋಡಬೇಕು. ಐಬಿ ಶಾಲೆಗಳಲ್ಲಿ ಪ್ರತಿವರ್ಷ ಹೊಸ ಮಕ್ಕಳು ಬರುತ್ತಾರೆ. ಸೇವೆ ಒಬ್ಬೊಬ್ಬರ ಖಾತೆಯಲ್ಲಿ ಮುಗಿಯದೆ ಕೈಯಿಂದ ಕೈಗೆ ಸಾಗಿದರೆ ಆ ಹದಿನೆಂಟು ತಿಂಗಳಿಗೆ ಅರ್ಥವಿದೆ.

ಇದನ್ನೇ ಅವಳಿಗೂ ಹೇಳಿದೆ. ಮುಂದಿನ ಭಾನುವಾರ ಕನ್ನಡ ಬಲ್ಲ ಕಿರಿಯ ತರಗತಿಯ ಒಬ್ಬ ಹುಡುಗನನ್ನು ಕರೆದುಕೊಂಡು ಹೋಗಿ ಮಕ್ಕಳಿಗೆ ಪರಿಚಯಿಸಿ, ಅವನ ಕೈಗೊಂದು ನೋಟ್‌ಬುಕ್ ಕೊಟ್ಟಳಂತೆ. ಯಾವ ಮಗುವಿಗೆ ಒತ್ತಕ್ಷರ ಬರುತ್ತದೆ, ಯಾವುದಕ್ಕೆ ಇನ್ನೂ ಮಗ್ಗಿ ಬಂದಿಲ್ಲ, ಬಿತ್ತನೆಗೆ ಯಾವ ಮನೆಯವರು ಊರಿಗೆ ಹೋಗುತ್ತಾರೆ, ಇಷ್ಟು ಅದರಲ್ಲಿತ್ತು. ಅದನ್ನು ಬರೆಯಲು ಅವಳಿಗೆ ಯಾರೂ ಹೇಳಿರಲಿಲ್ಲ.